ಡಬ್ಬದ ಮೇಲೆ ೧೮೦, ಮೇಜಿನ ಮೇಲೆ ೬೦!



ಡಬ್ಬದ ಮೇಲೆ ಅಂಗೈ ಅಗಲದ ಅಂಕಿ: ೧೮೦. ಅಂಕಿಯ ಹಿಂದೆ ಬೆಂಕಿ, ಮಿಂಚು, ಕತ್ತಿ ಝಳಪಿಸುವ ಒಬ್ಬ ದೈತ್ಯ. ಅಂಕಿಯ ತಲೆಯ ಮೇಲೊಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ತಿಳಿಯಬೇಕಾದರೆ ಡಬ್ಬ ತಿರುಗಿಸಿ, ತಳದಲ್ಲಿರುವ ಇರುವೆ ಸಾಲಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಬೇಕು. ಓದುವವರು ಯಾರು? ಹನ್ನೆರಡು ಕಂತಿನ ಸಾಲಕ್ಕೆ ಒಪ್ಪಿ, ಎಸ್.ಪಿ. ರೋಡಿನಿಂದ ಆಟೋದಲ್ಲಿ ಆ ಡಬ್ಬವನ್ನು ಎಳೆಗೂಸಿನ ಹಾಗೆ ತಬ್ಬಿಕೊಂಡು ತಂದು, ಊಟ ಬಿಟ್ಟು ಜೋಡಿಸಿ ಆಟಕ್ಕೆ ಕೂರುತ್ತೀರಿ. ಎಲ್ಲಾ ಸರಿಯಾಗಿದೆ. ಆದರೆ ಹಳೇ ಮಾನಿಟರಿಗೂ ಇದಕ್ಕೂ ಅಂಥಾ ವ್ಯತ್ಯಾಸವೇನೂ ಕಾಣುತ್ತಿಲ್ಲವಲ್ಲ ಅಂತ ಒಂದು ಅನುಮಾನ. ಸೆಟ್ಟಿಂಗ್ಸ್ ತೆರೆದು ನೋಡಿದರೆ ಅಲ್ಲಿ ಕೂತಿರುವುದು ೬೦ ಹರ್ಟ್ಸ್!

ಅಲ್ಲಿಂದ ಶುರು ನೋಡಿ ಫುಟ್‌ಬಾಲ್. ಚೆಂಡು ನೀವೇ. ಮಾನಿಟರ್ ಮಾರಿದವನು "ನಿಮ್ಮ ಗ್ರಾಫಿಕ್ಸ್ ಕಾರ್ಡ್ ಪ್ರಾಬ್ಲಂ ಸಾರ್" ಅನ್ನುತ್ತಾನೆ. ಕಾರ್ಡ್ ಮಾರಿದವನು "ಮಾನಿಟರೇ ಡೂಪ್ಲಿಕೇಟ್ ಇರಬೇಕು" ಅನ್ನುತ್ತಾನೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ಆಮೇಲೆ ವಿಂಡೋಸ್ ಅಳಿಸಿ ಮತ್ತೆ ಹಾಕಿ ಅನ್ನುತ್ತಾರೆ. ಮನೆಯಲ್ಲಿ ಅಪ್ಪ, "ಚಿತ್ರ ಬರ್ತಾ ಇದೆಯಲ್ಲೋ, ಇನ್ನೇನು ಬೇಕು ನಿನಗೆ?" ಅಂತ ಪೇಪರ್ ಮಡಚುತ್ತಾರೆ.

ಹಾಗಾದರೆ ಮೋಸ ಮಾಡಿದ್ದು ಯಾರು? ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಹೆಚ್ಚಿನ ಸಲ ಆ ಮಾನಿಟರಿನಲ್ಲಿ ಏನೂ ಕೆಟ್ಟಿರುವುದಿಲ್ಲ. ೧೮೦ ಅದರ ಹೊಟ್ಟೆಯಲ್ಲೇ ಇರುತ್ತದೆ. ಆದರೆ ಅದನ್ನು ಹೊರಗೆ ತರುವ ದಾರಿಯನ್ನು ಕಂಪನಿಗಳು ಎಷ್ಟು ಸಿಕ್ಕುಸಿಕ್ಕಾಗಿ ಮಾಡಿಟ್ಟಿವೆ ಎಂದರೆ, ದುಡ್ಡು ಕೊಟ್ಟವನಿಗೆ ತನಗೆ ಸಿಕ್ಕಿದ್ದು ಸಾಮಾನೋ ನಾಮವೋ ಎಂದು ಗೊತ್ತಾಗುವುದೇ ಇಲ್ಲ. ನಮ್ಮ ತಕರಾರು ಇರುವುದು ಈ ಕತ್ತಲೆಯ ಮೇಲೆ.

ಹರ್ಟ್ಸ್ ಅಂದರೆ ಇಷ್ಟೇ: ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬ ಲೆಕ್ಕ. ೬೦ ಆದರೆ ಪ್ರತಿ ಚಿತ್ರಕ್ಕೂ ೧೬.೭ ಮಿಲಿಸೆಕೆಂಡ್. ೧೮೦ ಆದರೆ ೫.೬. "ಕಣ್ಣಿಗೆ ೬೦ಕ್ಕಿಂತ ಜಾಸ್ತಿ ಕಾಣಲ್ಲ ಬಿಡಿ" ಎಂದು ಬುದ್ಧಿ ಹೇಳುವ ಮಹಾಶಯರು ಪ್ರತಿ ಅಂಗಡಿಯಲ್ಲೂ ಒಬ್ಬರಿರುತ್ತಾರೆ. ಎರಡೂ ವೇಗದಲ್ಲಿ ಮೌಸ್ ಬಾಣವನ್ನು ಪರದೆಯ ಮೇಲೆ ಗರಗರ ತಿರುಗಿಸಿ ತೋರಿಸಿ, ಅವರ ಬಾಯಿ ತಾನಾಗೇ ಮುಚ್ಚುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ ಎನ್ನುವುದಾದರೆ ೧೮೦ಕ್ಕೆ ಬೇರೆ ದರ ಯಾಕೆ ತೆಗೆದುಕೊಂಡಿರಿ ಸ್ವಾಮಿ?

ಈ ರೋಗ ಹೊಸದೂ ಅಲ್ಲ. ಹಿಂದೆ ಹೊಟ್ಟೆ ದಪ್ಪದ ಗಾಜಿನ ಮಾನಿಟರುಗಳ ಕಾಲದಲ್ಲೂ ೮೫ ಹರ್ಟ್ಸ್ ಎಂದು ಬರೆದು, ಅದು ಯಾವ ರೆಸಲ್ಯೂಷನ್ನಿಗೆ ಎಂಬುದನ್ನು ಕೈಪಿಡಿಯ ಒಳಗೆ ಅಡಗಿಸಿಡುತ್ತಿದ್ದರು. ವಿಂಡೋಸ್ ೨೦೦೦ ಮತ್ತು ಎಕ್ಸ್‌ಪಿಯಲ್ಲಂತೂ ಆಟ ತೆರೆದ ಕೂಡಲೇ ಪರದೆ ತಾನಾಗಿ ೬೦ಕ್ಕೆ ಇಳಿದುಬಿಡುತ್ತಿತ್ತು. ಅದನ್ನು ಸರಿಮಾಡಲೆಂದೇ ಜನ ಪುಟ್ಟ ಪುಟ್ಟ ತಂತ್ರಾಂಶ ಬರೆದು ಹಂಚುತ್ತಿದ್ದರು. ಗಾಜು ಹೋಗಿ ಚಪ್ಪಟೆ ಪರದೆ ಬಂತು, ಚಾಳಿ ಹೋಗಲಿಲ್ಲ.

ಟ್ಯಾಂಕು ದೊಡ್ಡದು, ಪೈಪು ಅರ್ಧ ಇಂಚು!

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಎಷ್ಟೇ ದೊಡ್ಡ ಟ್ಯಾಂಕ್ ಇರಲಿ, ಕೆಳಗೆ ಅರ್ಧ ಇಂಚಿನ ಪೈಪ್ ಇದ್ದರೆ ನಲ್ಲಿಯಲ್ಲಿ ಬರುವುದು ಅಷ್ಟೇ ನೀರು. ಗ್ರಾಫಿಕ್ಸ್ ಕಾರ್ಡಿನಿಂದ ಮಾನಿಟರಿಗೆ ಹೋಗುವ ಕೇಬಲ್ಲು ಮತ್ತು ಅದರ ಎರಡು ತುದಿಯ ಪೋರ್ಟುಗಳೇ ಆ ಪೈಪು.

ಲೆಕ್ಕ ನೀವೇ ಮಾಡಿ, ಯಾರನ್ನೂ ನಂಬಬೇಡಿ. ಈಗ ಹುಡುಗರು ಹೆಚ್ಚಾಗಿ ಕೊಳ್ಳುವ ೨೭ ಇಂಚಿನ ಮಾನಿಟರಿನಲ್ಲಿ ಅಡ್ಡಕ್ಕೆ ೨೫೬೦, ಉದ್ದಕ್ಕೆ ೧೪೪೦ ಚುಕ್ಕಿಗಳು. ಗುಣಿಸಿದರೆ ೩೬ ಲಕ್ಷದ ೮೬ ಸಾವಿರದ ೪೦೦. ಒಂದೊಂದು ಚುಕ್ಕಿಯ ಬಣ್ಣ ಹೇಳಲು ೨೪ ಬಿಟ್ ಬೇಕು. ಇದನ್ನು ಸೆಕೆಂಡಿಗೆ ೧೪೪ ಸಲ ಕಳಿಸಿದರೆ ೧೨.೭ ಗಿಗಾಬಿಟ್. ೧೬೫ ಸಲ ಕಳಿಸಿದರೆ ೧೪.೬. ೧೮೦ ಸಲ ಕಳಿಸಿದರೆ ೧೫.೯. ಇದು ಬರೀ ಚಿತ್ರದ ಲೆಕ್ಕ, ಸಾಲು ಸಾಲಿನ ನಡುವಿನ ಬಿಡುವಿನ ಬಾಬ್ತು ಬೇರೆ.

ಈಗ ಪೈಪಿನ ಕಡೆ ಬನ್ನಿ. ೨೦೧೩ರಲ್ಲಿ ಬಂದ ಎಚ್‌ಡಿಎಂಐ ೨.೦ ತನ್ನ ವೇಗ ೧೮ ಗಿಗಾಬಿಟ್ ಎಂದು ಹೇಳಿಕೊಳ್ಳುತ್ತದೆ. ಆದರೆ ಅದು ಪ್ರತಿ ೮ ಬಿಟ್ ಮಾಹಿತಿಯನ್ನು ೧೦ ಬಿಟ್ ಮಾಡಿ ಸಾಗಿಸುತ್ತದೆ, ಹಾಗಾಗಿ ನಿಜಕ್ಕೂ ಕೈಗೆ ಸಿಗುವುದು ೧೪.೪. ಅರ್ಥವಾಯಿತೇ? ೧೪೪ ಹರ್ಟ್ಸ್ ದಾಟುತ್ತದೆ. ೧೬೫ ದಾಟುವುದಿಲ್ಲ. ೧೮೦ರ ಮಾತೇ ಬೇಡ. ಎಚ್‌ಡಿಆರ್ ಆಸೆಗೆ ಬಣ್ಣವನ್ನು ೧೦ ಬಿಟ್ಟಿಗೆ ಏರಿಸಿದಿರೋ, ೧೪೪ ಕೂಡ ಹೋಯಿತು. ಅದಕ್ಕೂ ಹಳೆಯ ಎಚ್‌ಡಿಎಂಐ ೧.೪ ಆದರೆ ಕೈಗೆ ಸಿಗುವುದು ೮.೧೬ ಗಿಗಾಬಿಟ್, ಈ ಚುಕ್ಕಿ ಲೆಕ್ಕದಲ್ಲಿ ಅದು ೧೦೦ ಹರ್ಟ್ಸ್ ಕೂಡ ಮುಟ್ಟುವುದಿಲ್ಲ. ಅದೇ ೨೦೧೬ರಲ್ಲಿ ಬಂದ ಡಿಸ್‌ಪ್ಲೇ ಪೋರ್ಟ್ ೧.೪ರಲ್ಲಿ ಕೈಗೆ ಸಿಗುವುದು ೨೫.೯. ಅದರೊಳಗೆ ೧೮೦ ಸಲೀಸಾಗಿ ಹೋಗುತ್ತದೆ.

ಅಂದರೆ ಡಬ್ಬದ ಮೇಲಿನ ೧೮೦, ಎಷ್ಟೋ ಮಾನಿಟರುಗಳಲ್ಲಿ, ಡಿಸ್‌ಪ್ಲೇ ಪೋರ್ಟಿನ ೧೮೦. ಎಚ್‌ಡಿಎಂಐ ಚುಚ್ಚಿದವನಿಗೆ ಅದು ೧೪೪. ಇದನ್ನು ದೊಡ್ಡದಾಗಿ ಬರೆದರೆ ಯಾರ ಗಂಟು ಹೋಗುತ್ತಿತ್ತು? ಇನ್ನೂ ಮಜಾ ಕೇಳಿ. ಕೆಲವು ಮಾಡೆಲ್ಲುಗಳ ಡಬ್ಬ ಬಿಚ್ಚಿದರೆ ಒಳಗೆ ಸಿಗುವುದು ಒಂದೇ ಒಂದು ಎಚ್‌ಡಿಎಂಐ ಕೇಬಲ್! ೧೮೦ ಎಂದು ಡಂಗುರ ಹೊಡೆದು, ೧೮೦ ಹೊರಲಾಗದ ಹಗ್ಗವನ್ನು ಕೈಗೆ ಕೊಡುವ ಧೈರ್ಯಕ್ಕೆ ಏನೆನ್ನೋಣ?

ಹೆಸರಿನ ಗೋಲ್‌ಮಾಲ್

ಇಷ್ಟೆಲ್ಲಾ ಕಲಿತ ಬುದ್ಧಿವಂತ ಹುಡುಗನೊಬ್ಬ, "ನನ್ನದು ಎಚ್‌ಡಿಎಂಐ ೨.೧ ಕಣ್ರೀ, ಅದರಲ್ಲಿ ೪೮ ಗಿಗಾಬಿಟ್ ಹೋಗುತ್ತೆ" ಎಂದು ಎದೆಯುಬ್ಬಿಸುತ್ತಾನೆ. ಪಾಪ. ೨೦೧೭ರಲ್ಲಿ ೨.೧ ಹೊರಬಂದಾಗ ಅದರ ಹೆಗ್ಗಳಿಕೆ ೪೮ ಗಿಗಾಬಿಟ್ಟೇ ಹೌದು. ಆದರೆ ೨೦೨೧ರ ಡಿಸೆಂಬರಿನಲ್ಲಿ ಏನಾಯಿತು ಗೊತ್ತೆ? ಮಾನಿಟರುಗಳನ್ನು ಪರೀಕ್ಷಿಸಿ ಬರೆಯುವ ಟಿಎಫ್‌ಟಿ ಸೆಂಟ್ರಲ್ ತಂಡ, ಶಿಯೋಮಿಯ ಒಂದು ಮಾನಿಟರಿಗೆ ಎಚ್‌ಡಿಎಂಐ ೨.೧ ಎಂಬ ಹೆಸರಿದ್ದರೂ ಒಳಗಿರುವ ಶಕ್ತಿ ೨.೦ರದ್ದೇ ಎಂಬುದನ್ನು ಕಂಡುಹಿಡಿಯಿತು. ಇದೇನು ಎಂದು ಎಚ್‌ಡಿಎಂಐ ಪರವಾನಗಿ ಕೊಡುವ ಸಂಸ್ಥೆಯನ್ನೇ ಕೇಳಿತು. ಬಂದ ಉತ್ತರದ ಸಾರಾಂಶ ಇದು: ೨.೦ ಎಂಬುದು ಈಗ ಇಲ್ಲವೇ ಇಲ್ಲ, ಅದೆಲ್ಲವೂ ೨.೧ರ ಹೊಟ್ಟೆಗೆ ಸೇರಿದೆ, ೨.೧ರ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ, ಯಾವುದು ಇದೆ ಎಂದು ತಯಾರಕರು ಹೇಳಬೇಕು.

ಅಂದರೆ ಹಳೇ ಲಡಾಸು ಬಸ್ಸಿಗೆ ಐರಾವತ ಎಂದು ಬೋರ್ಡ್ ಬರೆಸಬಹುದು, ಎ.ಸಿ. ಮಾತ್ರ ಐಚ್ಛಿಕ! ಆದ್ದರಿಂದ ಡಬ್ಬದ ಮೇಲೆ ೨.೧ ಎಂಬ ಅಂಕಿ ಕಂಡರೆ ಅದಕ್ಕೆ ಕಿಲುಬು ಕಾಸಿನ ಬೆಲೆ ಕೊಡಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: "ಈ ಪೋರ್ಟಿನಲ್ಲಿ, ಈ ರೆಸಲ್ಯೂಷನ್ನಿಗೆ, ಎಷ್ಟು ಹರ್ಟ್ಸ್?" ಉತ್ತರ ಬಾಯಲ್ಲಿ ಬೇಡ, ಕೈಪಿಡಿಯ ಕೋಷ್ಟಕದಲ್ಲಿ ಬೆರಳಿಟ್ಟು ತೋರಿಸಲಿ. ಅಂಥ ಕೋಷ್ಟಕ ಕೈಪಿಡಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತೋರಿಸುವ ಮನಸ್ಸು ಇರುವುದಿಲ್ಲ.

ದುಡ್ಡಿದ್ದವರಿಗೂ ನಾಮ ತಪ್ಪಿದ್ದಲ್ಲ. ೨೦೧೮ರಲ್ಲಿ ಏಸಸ್ ಪಿಜಿ೨೭ಯುಕ್ಯೂ ಮತ್ತು ಏಸರ್ ಎಕ್ಸ್೨೭ ಎಂಬ ಎರಡು ಮಾನಿಟರುಗಳು ೪ಕೆ, ೧೪೪ ಹರ್ಟ್ಸ್ ಎಂಬ ಘೋಷಣೆಯೊಂದಿಗೆ ಬಂದವು. ಬೆಲೆ ಸುಮಾರು ೨,೦೦೦ ಡಾಲರ್. ೧೪೪ ಬರುತ್ತಿದ್ದದ್ದು ನಿಜ. ಹೇಗೆ? ಬಣ್ಣ ಕತ್ತರಿಸಿ! ಪೂರ್ತಿ ಬಣ್ಣ ಬೇಕೆಂದರೆ ೮ ಬಿಟ್ಟಿನಲ್ಲಿ ೧೨೦, ೧೦ ಬಿಟ್ಟಿನಲ್ಲಿ ೯೮. ೧೪೪ ಬೇಕೇ ಬೇಕೆಂದರೆ ಅಕ್ಕಪಕ್ಕದ ಎರಡು ಚುಕ್ಕಿಗಳು ಒಂದೇ ಬಣ್ಣವನ್ನು ಹಂಚಿಕೊಳ್ಳಬೇಕು, ಆಗ ಬಣ್ಣದ ಅಕ್ಷರಗಳ ಅಂಚು ಮಸುಕು. ಕಾರಣ ಅದೇ ಪೈಪು. ೪ಕೆಯನ್ನು ೧೪೪ಕ್ಕೆ ಪೂರ್ತಿ ಬಣ್ಣದಲ್ಲಿ ಕಳಿಸಲು ೨೮.೭ ಗಿಗಾಬಿಟ್ ಬೇಕು, ಪೈಪಿನಲ್ಲಿದ್ದದ್ದು ೨೫.೯. ಇವತ್ತಿನ ೪ಕೆ ಮಾನಿಟರುಗಳು ಡಿಎಸ್‌ಸಿ ಎಂಬ ಹಿಂಡುವ ವಿದ್ಯೆಯಿಂದ ಇದನ್ನು ದಾಟುತ್ತವೆ. ಆದರೆ ನಿಮ್ಮ ಕಾರ್ಡಿಗೂ ಆ ವಿದ್ಯೆ ಬರಬೇಕು.

ಜಗಳಕ್ಕೆ ಮೊದಲು ನಿಮ್ಮ ಮನೆ ಗುಡಿಸಿ

ನ್ಯಾಯ ಕೇಳಲು ಹೋಗುವವನ ಕೈ ಶುದ್ಧವಾಗಿರಬೇಕು. ಅಂಗಡಿಯವನ ಕಾಲರ್ ಹಿಡಿಯುವ ಮುಂಚೆ ಸಿಪಿಯು ಪೆಟ್ಟಿಗೆಯ ಹಿಂಭಾಗಕ್ಕೆ ಬಗ್ಗಿ ನೋಡಿ. ಕೇಬಲ್ ಎಲ್ಲಿಗೆ ಚುಚ್ಚಿದ್ದೀರಿ? ಮೇಲುಗಡೆ ಯುಎಸ್‌ಬಿಗಳ ಪಕ್ಕದಲ್ಲಿರುವ ಪೋರ್ಟ್ ಮದರ್‌ಬೋರ್ಡಿನದು. ಗ್ರಾಫಿಕ್ಸ್ ಕಾರ್ಡಿನ ಪೋರ್ಟು ಕೆಳಗೆ, ಅಡ್ಡಡ್ಡಲಾಗಿ ಇರುತ್ತದೆ. ಮೇಲಿನದಕ್ಕೆ ಚುಚ್ಚಿದರೆ, ಮೂವತ್ತು ಸಾವಿರ ಕೊಟ್ಟು ತಂದ ಕಾರ್ಡ್ ಮದುವೆ ಮನೆಯ ಬೀಗರ ಹಾಗೆ ಕೈಕಟ್ಟಿ ಕೂತಿರುತ್ತದೆ, ಕೆಲಸವೆಲ್ಲ ಪಾಪದ ಪ್ರೊಸೆಸರಿನದು. ಈ ಕೇಸುಗಳು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಅದು ಸರಿಯಿದ್ದರೆ ವಿಂಡೋಸಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಒಳಗೆ ಹೋಗಿ. ಅಲ್ಲಿ ರಿಫ್ರೆಶ್ ರೇಟ್ ಎಂಬ ಪಟ್ಟಿ ಇದೆ. ಎಷ್ಟೋ ಮಾನಿಟರುಗಳು ೬೦ ಅನ್ನೇ ತಮ್ಮ ಮೊದಲ ಆಯ್ಕೆ ಎಂದು ಕಂಪ್ಯೂಟರಿಗೆ ಹೇಳುತ್ತವೆ, ಕಂಪ್ಯೂಟರ್ ತಲೆಯಾಡಿಸುತ್ತದೆ. ಪಟ್ಟಿಯಲ್ಲಿ ೧೮೦ ಇದ್ದರೆ ಒತ್ತಿ, ಕಥೆ ಮುಗಿಯಿತು. ೧೭೯.೯೫ ಎಂದು ಕಂಡರೆ ದಯವಿಟ್ಟು ಜಗಳ ತೆಗೆಯಬೇಡಿ, ಅದು ೧೮೦ರ ಲೆಕ್ಕವೇ. ಎನ್‌ವಿಡಿಯಾ ಕಂಟ್ರೋಲ್ ಪೆನಲ್ಲಿನಲ್ಲಿ ನೋಡುವವರು ಮೇಲಿನ ಟಿ.ವಿ. ರೆಸಲ್ಯೂಷನ್‌ಗಳನ್ನು ಬಿಟ್ಟು ಕೆಳಗೆ ಪಿಸಿ ಎಂಬ ಗುಂಪಿನವರೆಗೂ ಇಳಿಯಿರಿ. ದೊಡ್ಡ ಅಂಕಿಗಳು ಎಷ್ಟೋ ಸಲ ಅಲ್ಲಿ ಅಡಗಿರುತ್ತವೆ. ಇನ್ನೊಂದು ಹಳೇ ಮಾನಿಟರನ್ನೋ ಟಿ.ವಿ.ಯನ್ನೋ ಅದೇ ಚಿತ್ರ ತೋರಿಸಲು ಜೊತೆಗೆ ಕಟ್ಟಿದ್ದರೆ ಬಿಚ್ಚಿಡಿ, ಕುಂಟೆತ್ತಿನ ಜೊತೆ ಕಟ್ಟಿದ ಎತ್ತು ಕುಂಟುತ್ತಲೇ ನಡೆಯಬೇಕು.

ಪಟ್ಟಿಯಲ್ಲೇ ೧೮೦ ಇಲ್ಲವೆ? ಆಗ ಅನುಮಾನ ಕೇಬಲ್ಲಿನ ಮೇಲೆ. ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ಅತಿ ಹೆಚ್ಚು ಜನ ಹಳ್ಳಕ್ಕೆ ಬೀಳುವ ಜಾಗ ಇದು. ಚಿನ್ನದ ಲೇಪನ, ೮ಕೆ, ಸೂಪರ್ ಎಂದೆಲ್ಲ ಬರೆದ ಕೇಬಲ್ಲುಗಳ ಮೇಲಿನ ಬರಹಕ್ಕೂ ಜಾತ್ರೆಯ ತಾಯಿತಕ್ಕೂ ವ್ಯತ್ಯಾಸವಿಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ನೋಡಬೇಕಾದ್ದು ಎರಡೇ ಹೆಸರು: ೧೮ ಗಿಗಾಬಿಟ್ಟಿಗೆ ಪ್ರೀಮಿಯಂ ಹೈ ಸ್ಪೀಡ್, ೪೮ ಗಿಗಾಬಿಟ್ಟಿಗೆ ಅಲ್ಟ್ರಾ ಹೈ ಸ್ಪೀಡ್. ಅಲ್ಟ್ರಾ ಪ್ಯಾಕೆಟ್ಟಿನ ಮೇಲೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡುವ ಚೀಟಿ ಇರಬೇಕು. ಡಿಸ್‌ಪ್ಲೇ ಪೋರ್ಟ್ ಆದರೆ ವೀಸಾ ಸಂಸ್ಥೆಯ ಪ್ರಮಾಣಪತ್ರ ಇರುವುದನ್ನೇ ಕೇಳಿ. ವೀಸಾ ಎಂದರೆ ಪಾಸ್‌ಪೋರ್ಟಿನದಲ್ಲ, ಆ ಪೋರ್ಟಿನ ನಿಯಮ ಬರೆದವರ ಹೆಸರು. ಎರಡು ಮೀಟರ್ ಒಳಗಿನದು ಸಾಕು. ಉದ್ದ ಹೆಚ್ಚಿದಷ್ಟೂ ಸಂಕೇತ ಸೊರಗುತ್ತದೆ. ಪರದೆ ಆಗಾಗ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಮೊದಲು ಬದಲಿಸಬೇಕಾದ್ದು ಕೇಬಲ್ಲನ್ನು. ನಡುವೆ ಒಂದು ಪುಟ್ಟ ಅಡಾಪ್ಟರ್ ಸಿಕ್ಕಿಸಿದ್ದರೆ ಅದನ್ನು ಕಿತ್ತು ಪಕ್ಕಕ್ಕಿಡಿ.

ಆಮೇಲೆ ಮಾನಿಟರಿನ ಸ್ವಂತ ಮೆನು. ಕೆಲವದರಲ್ಲಿ ಡಿಸ್‌ಪ್ಲೇ ಪೋರ್ಟ್ ೧.೧, ೧.೨, ೧.೪ ಎಂದು ಆರಿಸುವ ಸಾಲಿರುತ್ತದೆ. ಕಾರ್ಖಾನೆಯಿಂದ ಅದು ಕೆಳಗಿನ ಅಂಕಿಯಲ್ಲೇ ಬಂದಿದ್ದರೆ ಮೇಲಕ್ಕೆ ಏರಿಸಿ. ಕೆಲವದರಲ್ಲಿ ಡಬ್ಬದ ಅಂಕಿ ಪರದೆಯ ಸಹಜ ವೇಗವೇ ಅಲ್ಲ, ಓವರ್‌ಕ್ಲಾಕ್ ಮಾಡಿದಾಗಿನ ವೇಗ. ೨೦೧೫ರ ಏಸಸ್ ಪಿಜಿ೨೭೯ಕ್ಯೂ ೧೬೫ ಎಂದು ಹೆಸರಾಯಿತು, ಆದರೆ ಅದರ ಸಹಜ ವೇಗ ೧೪೪. ೧೬೫ ಬೇಕಾದವರು ಮೆನುವಿನಲ್ಲಿ ಅದನ್ನು ತಾವೇ ಆನ್ ಮಾಡಬೇಕಿತ್ತು, ಅದೂ ಡಿಸ್‌ಪ್ಲೇ ಪೋರ್ಟಿನಲ್ಲಿ ಮಾತ್ರ.

ಲ್ಯಾಪ್‌ಟಾಪಿನವರೇ, ನಿಮ್ಮದು ಬೇರೆ ಪಾಡು. ಟೈಪ್ ಸಿ ತಂತಿಯಲ್ಲಿ ನಾಲ್ಕು ದಾರಿಗಳಿವೆ. ಮಾನಿಟರಿನ ಯುಎಸ್‌ಬಿ ಹಬ್ ವೇಗವಾಗಿ ಓಡಲೆಂದು ಎರಡನ್ನು ಕೊಟ್ಟರೆ ಚಿತ್ರಕ್ಕೆ ಉಳಿಯುವುದು ಎರಡೇ. ಮೆನುವಿನಲ್ಲಿ ಇದನ್ನು ಬದಲಿಸುವ ಸೌಕರ್ಯ ಇದೆಯೇ ನೋಡಿ. ಪಿಎಸ್ ೫ ಇಟ್ಟುಕೊಂಡವರು ೧೮೦ರ ಆಸೆ ಬಿಡಿ, ಅದರ ಮಿತಿಯೇ ೧೨೦. ಇದನ್ನು ಗೊತ್ತಿದ್ದೂ "ಪಿಎಸ್ ೫ಗೆ ಸೂಪರ್ ಸಾರ್" ಎಂದು ೨೪೦ರ ಮಾನಿಟರ್ ಮಾರುವವನು ನಿಮ್ಮ ಹಿತೈಷಿಯಂತೂ ಅಲ್ಲ.

ಇನ್ನು ಮಾನಿಟರ್ ೧೮೦ರಲ್ಲೇ ಇದ್ದು ಆಟ ಮಾತ್ರ ೭೦ ಫ್ರೇಮ್ ಕೊಡುತ್ತಿದ್ದರೆ ಅದು ಕಾರ್ಡಿನ ಉಸಿರಿನ ಪ್ರಶ್ನೆ, ಇಲ್ಲವೇ ಆಟದ ಒಳಗೇ ಹಾಕಿಟ್ಟ ಮಿತಿ. ಆ ದೂರನ್ನು ಮಾನಿಟರಿನ ತಲೆಗೆ ಕಟ್ಟಬೇಡಿ.

ಇಷ್ಟಾದರೂ ಬಾರದಿದ್ದರೆ?

ಆಗ ಸೆಟೆದು ನಿಲ್ಲಿ. ಮಾನಿಟರಿನ ಮೆನುವಿನಲ್ಲಿ ಮಾಹಿತಿ ಎಂಬ ಪುಟದಲ್ಲಿ ಅದಕ್ಕೆ ಆ ಕ್ಷಣ ಬರುತ್ತಿರುವ ವೇಗ ಬರೆದಿರುತ್ತದೆ. ಫೋನಿನಲ್ಲಿ ವಿಡಿಯೋ ಮಾಡಿ: ಡಬ್ಬದ ಅಂಕಿ, ಕೇಬಲ್ ಚುಚ್ಚಿದ ಜಾಗ, ವಿಂಡೋಸಿನ ಪಟ್ಟಿ, ಮಾನಿಟರಿನ ಮಾಹಿತಿ ಪುಟ, ಎಲ್ಲಾ ಒಂದೇ ಓಟದಲ್ಲಿ. ಗೆಳೆಯನ ಕಂಪ್ಯೂಟರಿನಲ್ಲಿ, ಬೇರೆ ಕೇಬಲ್ಲಿನಲ್ಲಿ ಇನ್ನೊಂದು ಸಲ. ಇದು ನಿಮ್ಮ ಸಾಕ್ಷಿ. ಬಿಲ್ ಇಲ್ಲದೆ ಕೊಂಡಿದ್ದರೆ ಮಾತ್ರ ಅರ್ಧ ಕೇಸು ಅಲ್ಲೇ ಸತ್ತಂತೆ. ನೂರಿನ್ನೂರು ಉಳಿಸಲು ಚೀಟಿಯಲ್ಲಿ ಬರೆಸಿಕೊಂಡು ಬರುವ ಚಟ ಬಿಡಿ.

ಅಂಗಡಿಗೂ ಕಂಪನಿಗೂ ಲಿಖಿತದಲ್ಲಿ ದೂರು ಕೊಡಿ, ವಾಪಸಾತಿಯ ಗಡುವು ಮುಗಿಯುವುದರೊಳಗೆ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡುವ ಸೌಲಭ್ಯ ಇದೆ, ಕನ್ನಡದಲ್ಲೇ ಮಾತಾಡಿ. ಅದಕ್ಕೂ ಬಗ್ಗದಿದ್ದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಹಿಂದೆ ಮಾರಿದವನು ಇರುವ ಊರಿಗೆ ನೀವು ಅಲೆಯಬೇಕಿತ್ತು. ಈಗ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷ ಕಾಲಾವಕಾಶ. ಆನ್‌ಲೈನಿನಲ್ಲಿ ತರಿಸಿ ಕೈಕೈ ಹಿಸುಕಿಕೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ.

ಆ ನಕ್ಷತ್ರದ ಮಾತಿಗೆ ಬರೋಣ. ೨೦೨೨ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಮುಖ್ಯವಾದ ಮಾಹಿತಿಯನ್ನು ಷರತ್ತಿನ ನೆಪದಲ್ಲಿ ಮುಚ್ಚಿಡುವ ಹಾಗಿಲ್ಲ. ಘೋಷಣೆ ಯಾವ ಅಕ್ಷರದಲ್ಲಿದೆಯೋ ಷರತ್ತೂ ಅದೇ ಅಕ್ಷರದಲ್ಲಿರಬೇಕು. ಡಬ್ಬವಾದರೆ ಷರತ್ತು ಎದ್ದು ಕಾಣುವ ಜಾಗದಲ್ಲಿರಬೇಕು, ಆದಷ್ಟೂ ಘೋಷಣೆ ಇರುವ ಮಗ್ಗುಲಲ್ಲೇ. ಘೋಷಣೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ದಸರಾ ದೀಪಾವಳಿ ಬಂದ ಕೂಡಲೇ ಕನ್ನಡ ಪತ್ರಿಕೆಗಳ ಮುಖಪುಟ ತುಂಬಾ ಕನ್ನಡದಲ್ಲಿ ಧಮಾಕಾ ಕೂಗಿ, ಕಡೆಯಲ್ಲಿ ಸಾಸಿವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಬಿತ್ತುವವರನ್ನು ಈ ಗೆರೆ ಹಿಡಿದು ಕೇಳಬಹುದು. ದಾರಿತಪ್ಪಿಸುವ ಜಾಹೀರಾತಿಗೆ ದಂಡ ಹತ್ತು ಲಕ್ಷದವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ದುಡ್ಡು ತೆಗೆದುಕೊಂಡು "ಗುರೂ, ಬೆಣ್ಣೆ ಥರ ಓಡುತ್ತೆ" ಎಂದು ಹೊಗಳುವ ಯೂಟ್ಯೂಬ್ ವೀರರಿಗೂ ಈ ದಂಡ ಅನ್ವಯಿಸುತ್ತದೆ.

ಈ ಶನಿವಾರ ಮಾನಿಟರ್ ಕೊಳ್ಳಲು ಹೊರಟವರು ಒಂದು ಕೆಲಸ ಮಾಡಿ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಅದನ್ನು ಆನ್ ಮಾಡಿಸಿ, ಡಬ್ಬದ ಅಂಕಿ ಪರದೆಯ ಮಾಹಿತಿ ಪುಟದಲ್ಲಿ ಕಾಣುವವರೆಗೂ ಅಲ್ಲೇ ನಿಲ್ಲಿ. "ಡೆಮೋ ಪೀಸ್ ಇಲ್ಲ ಸಾರ್" ಎಂದರೆ, ಯಾವ ಪೋರ್ಟಿನಲ್ಲಿ ಎಷ್ಟು ಹರ್ಟ್ಸ್ ಎಂಬುದನ್ನು ಬಿಲ್ಲಿನ ಮೇಲೆ ಬರೆದು ಸೀಲ್ ಹಾಕಲು ಹೇಳಿ. ಬರೆಯಲು ಒಪ್ಪದವನ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.